ಎಣ್ಣಿ (ಕೀಟನಾಶಕ) ಹೊಡೆಯೋಕಿಂತ ಮೊದಲು ಕೋಲಿನೆಸ್ಟರೇಸ್ ಪರೀಕ್ಷೆ: ನಮ್ಮ ರಾಯಚೂರು, ಕೊಪ್ಪಳ ಕಡೆಯ ರೈತರು ಮಾಡಿಸಬೇಕಾ?

ಕರಿಮಣ್ಣು (ದೇವದುರ್ಗ)

ಎಲ್ಲಾರಿಗೂ ನಮಸ್ಕಾರ್ರಿ. ಒಂದು ವಿಷಯ ತಿಳ್ಕೋಬೇಕಾಗ್ಯದ. ನಮ್ಮ ತಮ್ಮ ಹತ್ತಿಗೆ ಪ್ರೊಫೆನೋಫಾಸ್ ಅನ್ನೋ ಎಣ್ಣಿ ಹೊಡದು ಮನಿಗೆ ಬಂದಾವನೇ ತಲಿ ಸಿಡೀತದ ಅಂದ. ಮೈಯೆಲ್ಲಾ ಬೆವರು, ಬಾಯಾಗ ಜೊಲ್ಲು, ವಾಂತಿ ಮ್ಯಾಲ ವಾಂತಿ. ದವಾಖಾನಿಗೆ ಒಯ್ದಿವಿ, ಈಗ ಆರಾಮ ಆಗ್ಯಾನ.

ನನ್ನ ಪ್ರಶ್ನಿ ರಿಪೋರ್ಟಿನ ಬಗ್ಗೆ ಅದ. ಡಾಕ್ಟರು ಕೋಲಿನೆಸ್ಟರೇಸ್ ಅಂತ ರಕ್ತ ಪರೀಕ್ಷೆ ಬರದಿದ್ರು. ನಾರ್ಮಲ್ ರೇಂಜಿನ ಒಳಗೇ ಇತ್ತು, ಸ್ವಲ್ಪ ಕೆಳಗಿನ ಕಡಿ. ಆದ್ರೂ ಡಾಕ್ಟರು "ಇವರ ಮಟ್ಟಿಗೆ ಇದು ಕಮ್ಮಿನೇ ಇರಬಹುದು, ಮೊದಲು ಎಷ್ಟಿತ್ತು ಅನ್ನೋದು ನಮಗ ಗೊತ್ತಿಲ್ಲಲ್ಲ" ಅಂದ್ರು. ಇದು ಮೆದುಳಿನಾಗ, ನರದಾಗ ಕೆಲಸ ಮಾಡೋ ಕಿಣ್ವ ಅಂತನೂ ಹೇಳಿದ್ರು. ಮೆದುಳಿನ ಕಿಣ್ವ ರಕ್ತದಾಗ ಯಾಕ ಇರ್ತದ? ರಕ್ತದಾಗ ಕಮ್ಮಿ ಆದ್ರ ಮೆದುಳಿನಾಗೂ ಕಮ್ಮಿ ಆದಂಗೇನು? ಮತ್ತ ಹಂಗಿದ್ರ, ಪಂಪು ಬೆನ್ನಿಗೇರಿಸೋಕಿಂತ ಮೊದಲೇ ನಾವೆಲ್ಲಾ ಒಮ್ಮೆ ಪರೀಕ್ಷೆ ಮಾಡಿಸಿ ಇಟ್ಕೋಬೇಕಾ? ತಿಳದಾವ್ರು ಬಿಡಿಸಿ ಹೇಳ್ರಿ.

ಜೀವರಸಾಯನ (ರಾಯಚೂರು)

ನಿಮ್ಮ ತಮ್ಮ ಹುಷಾರಾದದ್ದು ಕೇಳಿ ಸಮಾಧಾನವಾಯಿತು. ನಾನು ಜೀವರಸಾಯನಶಾಸ್ತ್ರ ಪಾಠ ಮಾಡುವವನು, ವೈದ್ಯನಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಹೌದು, ಮಾಡಿಸಿ ಇಟ್ಟುಕೊಳ್ಳಬೇಕು. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನರದ ತುದಿಯಿಂದ ಸ್ನಾಯುವಿಗೆ, ಗ್ರಂಥಿಗೆ, ಮೆದುಳಿನೊಳಗೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. 1921ರಲ್ಲಿ ಆಟೋ ಲೋವಿ ಕಪ್ಪೆಯ ಹೃದಯದ ನರವನ್ನು ಕೆರಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಆ ಹೃದಯದ ಬಡಿತವೂ ನಿಧಾನವಾಯಿತು. ನರ ಸುದ್ದಿ ಮುಟ್ಟಿಸುವುದು ರಾಸಾಯನಿಕದಿಂದ ಎಂದು ಸಾಬೀತಾದದ್ದು ಹೀಗೆ. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು. ಸುದ್ದಿ ಮುಟ್ಟಿದ ಮರುಕ್ಷಣವೇ ಆ ರಾಸಾಯನಿಕ ಅಲ್ಲಿಂದ ಹೋಗಬೇಕು, ಇಲ್ಲದಿದ್ದರೆ ಸ್ನಾಯು ಅದುರುತ್ತಲೇ ಇರುತ್ತದೆ, ಗ್ರಂಥಿ ಸುರಿಸುತ್ತಲೇ ಇರುತ್ತದೆ. ಅದನ್ನು ಒಡೆದು ಹಾಕುವ ಕಿಣ್ವವೇ ಅಸಿಟೈಲ್‌ಕೋಲಿನೆಸ್ಟರೇಸ್. ಇದರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ದೇಹದ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು.

ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಮೊನೊಕ್ರೋಟೋಫಾಸ್‌ಗಳಂಥ ಆರ್ಗನೋಫಾಸ್ಫೇಟ್‌ಗಳು ಈ ಕಿಣ್ವದ ಕೆಲಸದ ಜಾಗದಲ್ಲೇ ಹೋಗಿ ಅಂಟಿಕೊಳ್ಳುತ್ತವೆ. ಹುಳ ಸಾಯುವುದೂ ಇದರಿಂದಲೇ, ನಿಮ್ಮ ತಮ್ಮನಿಗೆ ಬೆವರು, ಜೊಲ್ಲು ಕಿತ್ತುಕೊಂಡು ಬಂದದ್ದೂ ಇದರಿಂದಲೇ.

ಈಗ ರಕ್ತದ ಮಾತು. ಇದೇ ಕಿಣ್ವ ಕೆಂಪು ರಕ್ತಕಣದ ಹೊರಪೊರೆಯ ಮೇಲೂ ಇದೆ. ಮೆದುಳಿನಲ್ಲಿರುವುದಕ್ಕೂ ಕೆಂಪು ಕಣದ ಮೇಲಿರುವುದಕ್ಕೂ ಜೀನ್ ಒಂದೇ, ನಮ್ಮ 7ನೇ ವರ್ಣತಂತುವಿನಲ್ಲಿದೆ. ಕಿಣ್ವದ ಅಣುವಿನ ಬಾಲದ ತುದಿ ಮಾತ್ರ ಬೇರೆ. ಮೆದುಳಿನಲ್ಲಿ ನಾಲ್ಕು ಅಣುಗಳು ಒಟ್ಟಾಗಿ ನರಕೋಶದ ಪೊರೆಗೆ ಸಿಕ್ಕಿಕೊಂಡಿರುತ್ತವೆ, ಕೆಂಪು ಕಣದಲ್ಲಿ ಎರಡೆರಡಾಗಿ ಒಂದು ಕೊಬ್ಬಿನ ಲಂಗರಿನಿಂದ ನಿಂತಿರುತ್ತವೆ. ಕೆಲಸದ ಜಾಗ ಎರಡರಲ್ಲೂ ಒಂದೇ ಆದ್ದರಿಂದ ವಿಷವೂ ಎರಡಕ್ಕೂ ಒಂದೇ ರೀತಿ ಅಂಟುತ್ತದೆ. ಬದುಕಿರುವ ಮನುಷ್ಯನ ಮೆದುಳಿನಿಂದ ತುಣುಕು ತೆಗೆದು ನೋಡಲು ಬರುವುದಿಲ್ಲ, ತೋಳಿನಿಂದ ಸ್ವಲ್ಪ ರಕ್ತ ತೆಗೆದು ನೋಡಲು ಬರುತ್ತದೆ. ಈ ಪರೀಕ್ಷೆಯ ಬೆಲೆ ಇರುವುದು ಅಲ್ಲಿ.

ಆದರೆ ರಕ್ತದಲ್ಲಿ ಇಷ್ಟು ಅಂದರೆ ಮೆದುಳಿನಲ್ಲೂ ಲೆಕ್ಕ ಹಾಕಿದಂತೆ ಅಷ್ಟೇ ಎಂದು ತಿಳಿಯಬೇಡಿ. ಕೆಂಪು ಕಣಕ್ಕೆ ವಿಷ ಮೊದಲು ಸಿಗುತ್ತದೆ. ಮೆದುಳಿಗೆ ಹೋಗಲು ಅದು ಇನ್ನೊಂದು ತಡೆಗೋಡೆ ದಾಟಬೇಕು. ಚೇತರಿಕೆಯ ವೇಗವೂ ಬೇರೆ. ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ, ಹೊಸ ಕಿಣ್ವ ತಯಾರಿಸಲು ಅದಕ್ಕೆ ಆಗದು. ವಿಷ ಶಾಶ್ವತವಾಗಿ ಅಂಟಿದ ಕಣ ತನ್ನ ಸುಮಾರು 120 ದಿನದ ಆಯುಸ್ಸು ಮುಗಿಸಿ ಹೋಗಬೇಕು, ಅದರ ಜಾಗಕ್ಕೆ ಮಜ್ಜೆಯಿಂದ ಹೊಸದು ಬರಬೇಕು. ಹಾಗಾಗಿ ಕೆಂಪು ಕಣದ ಕಿಣ್ವ ದಿನಕ್ಕೆ ಸುಮಾರು ಶೇ. 1ರಂತೆ ಮಾತ್ರ ಏರುತ್ತದೆ. ಅರ್ಧಕ್ಕಿಳಿದವರು ಶೇ. 80ಕ್ಕೆ ಬರಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಮೈಗೆ ಆರಾಮ ಅನ್ನಿಸಿದ ಮೇಲೂ ಕಿಣ್ವ ಕೆಳಗೇ ಇರುತ್ತದೆ, ಆಗ ಮತ್ತೆ ಪಂಪು ಹೊತ್ತರೆ ಸ್ವಲ್ಪ ಎಣ್ಣಿಯೇ ಸಾಕು, ಹಿಂದಿಗಿಂತ ಜೋರಾಗಿ ಹೊಡೆಯುತ್ತದೆ. ನಿಮ್ಮ ತಮ್ಮನನ್ನು ಈ ಹಂಗಾಮಿನಲ್ಲಿ ಮತ್ತೆ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ನಿಮ್ಮ ಡಾಕ್ಟರು ಹೇಳಿದ್ದು ನೂರಕ್ಕೆ ನೂರು ಸರಿ. ಈ ಕಿಣ್ವದ ಮಟ್ಟ ಮನುಷ್ಯನಿಂದ ಮನುಷ್ಯನಿಗೆ ಬಹಳ ವ್ಯತ್ಯಾಸ. ಹುಟ್ಟಿನಿಂದಲೇ ರೇಂಜಿನ ಮೇಲ್ತುದಿಯಲ್ಲಿರುವವರು ಅರ್ಧದ ಹತ್ತಿರ ಕಳೆದುಕೊಂಡರೂ ಕಾಗದದ ಮೇಲೆ ನಾರ್ಮಲ್ ಎಂದೇ ಬರಬಹುದು. ಆದ್ದರಿಂದ ನಿಮ್ಮ ರಿಪೋರ್ಟನ್ನು ನಿಮ್ಮದೇ ಹಳೆಯ ರಿಪೋರ್ಟಿನ ಜೊತೆ ಹೋಲಿಸಬೇಕು, ಊರಿನವರ ಸರಾಸರಿ ಜೊತೆ ಅಲ್ಲ.

ಹತ್ತಿಹೊಲ (ಸಿಂಧನೂರು)

ಸರ್ ಭಾಳ ಚಲೋ ಹೇಳಿದ್ರಿ. ಆದ್ರ ನಾವು ಒಂದೇ ಎಣ್ಣಿ ಹೊಡಿಯಂಗಿಲ್ಲಲ್ರಿ. ಭತ್ತಕ್ಕ ಒಂದು, ಹತ್ತಿಗೆ ಒಂದು, ಅಂಗಡಿಯಾವ ಎರಡು ಕೂಡಿಸಿ ಹೊಡಿ ಅಂತಾನ. ಎಲ್ಲಾ ಎಣ್ಣಿನೂ ಈ ಪರೀಕ್ಷೆದಾಗ ಗೊತ್ತಾಗ್ತದೇನು?

ಮುಂಗಾರು (ಲಿಂಗಸುಗೂರು)

ಇಲ್ಲ, ಇದು ತಿಳಿದಿರಲೇಬೇಕಾದ ಮಾತು. ನಾನು ಕೃಷಿ ಪದವಿ ಓದಿದವನು, ಊರಲ್ಲೇ ಒಕ್ಕಲುತನ. ಈ ಕಿಣ್ವವನ್ನು ಹಿಡಿಯುವುದು ಎರಡೇ ಗುಂಪು. ಆರ್ಗನೋಫಾಸ್ಫೇಟ್ ಒಂದು: ನಮ್ಮ ಕಡೆ ಹೆಚ್ಚು ಓಡುವ ಅಸಿಫೇಟ್ ಪುಡಿ, ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮೆಥೋಯೇಟ್ ಎಲ್ಲಾ ಇದರೊಳಗೆ. ಇನ್ನೊಂದು ಕಾರ್ಬಮೇಟ್: ಕಾರ್ಬೋಫ್ಯುರಾನ್ ಹರಳು, ಮೆಥೋಮಿಲ್, ಥಯೋಡಿಕಾರ್ಬ್. ಕಾರ್ಬಮೇಟ್ ಅಂಟಿದ್ದು ತಾನಾಗಿಯೇ ಬಿಡುತ್ತದೆ, ಒಂದೆರಡು ದಿನದಲ್ಲಿ ಕಿಣ್ವ ಮೊದಲಿನಂತಾಗುತ್ತದೆ. ಹಾಗಾಗಿ ತಡವಾಗಿ ರಕ್ತ ಕೊಟ್ಟರೆ ಏನೂ ಆಗಿಲ್ಲವೆಂದೇ ಬರುತ್ತದೆ.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್, ಕ್ಲೋರಾಂಟ್ರಾನಿಲಿಪ್ರೋಲ್ ಇವ್ಯಾವೂ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಅಂತೂ ಶ್ವಾಸಕೋಶವನ್ನೇ ಸುಟ್ಟು ಮನುಷ್ಯನನ್ನು ಕೊಲ್ಲುವಷ್ಟು ಕೆಟ್ಟದ್ದು, ಆದರೆ ಕೋಲಿನೆಸ್ಟರೇಸ್ ಅಲ್ಲಾಡುವುದಿಲ್ಲ. ರಿಪೋರ್ಟು ನಾರ್ಮಲ್ ಬಂತೆಂದು ಅದರ ಬಗ್ಗೆ ಧೈರ್ಯ ತಾಳಬೇಡಿ.

ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟವಾದರೆ ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಪ್ರತಿವಿಷದ ಸಾಲು ಓದಿ. ಅಲ್ಲಿ ಅಟ್ರೊಪಿನ್ ಎಂದು ಬರೆದಿದ್ದರೆ ಈ ಎರಡು ಗುಂಪಿನಲ್ಲಿ ಒಂದು. ಚೌಕದೊಳಗಿನ ತ್ರಿಕೋನದ ಬಣ್ಣವನ್ನೂ ನೋಡಿ: ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಡೈಕ್ಲೋರ್‌ವಾಸ್, ಫೋರೇಟ್, ಟ್ರೈಅಜೋಫಾಸ್ ಇವುಗಳನ್ನು 2020ರ ಕೊನೆಗೇ ದೇಶದಲ್ಲಿ ನಿಲ್ಲಿಸಿದ್ದಾರೆ. ಮನೆಯ ಅಟ್ಟದ ಮೇಲೆ ಹಳೇ ಡಬ್ಬಿ ಉಳಿದಿದ್ದರೆ ಉಪಯೋಗಿಸಬೇಡಿ. 2013ರಲ್ಲಿ ಬಿಹಾರದ ಛಪ್ರಾ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದು ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಸೇರಿದ್ದರಿಂದ. ಎಣ್ಣಿ ಡಬ್ಬಿ ಅಡುಗೆ ಮನೆ ಹತ್ತಿರ ಸುಳಿಯಬಾರದು, ಖಾಲಿಯಾದ ಮೇಲೂ.

ಸೂಕ್ಷ್ಮದರ್ಶಕ (ಗಂಗಾವತಿ)

ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಎಲ್ಲರೂ ಕೋಲಿನೆಸ್ಟರೇಸ್, ಕೋಲಿನೆಸ್ಟರೇಸ್ ಅನ್ನುತ್ತಿದ್ದೀರಿ, ಆದರೆ ರಕ್ತದಲ್ಲಿ ಅವು ಎರಡಿವೆ ಎಂದು ಇನ್ನೂ ಯಾರೂ ಬರೆದಿಲ್ಲ. ಇದು ಬಿಟ್ಟುಹೋದರೆ ಪರೀಕ್ಷೆಗೆ ಕೊಟ್ಟ ದುಡ್ಡು ದಂಡ.

ಕೆಂಪು ಕಣದ ಮೇಲಿರುವುದು ನರದಲ್ಲಿರುವಂಥದ್ದೇ ಅಸಿಟೈಲ್‌ಕೋಲಿನೆಸ್ಟರೇಸ್. ಕಣಗಳನ್ನು ಕೆಳಗಿಳಿಸಿದಾಗ ಮೇಲೆ ಉಳಿಯುವ ಹಳದಿ ನೀರು, ಅಂದರೆ ಸೀರಮ್ ಅಥವಾ ಪ್ಲಾಸ್ಮಾದಲ್ಲಿ ಇರುವುದು ಬ್ಯುಟೈರಿಲ್‌ಕೋಲಿನೆಸ್ಟರೇಸ್. ಇದು ಲಿವರ್‌ನಲ್ಲಿ ತಯಾರಾಗುತ್ತದೆ, ಜೀನ್ ಕೂಡ ಬೇರೆ. ಇವೆರಡರ ಗುಣ ಬೇರೆ ಎಂದು 1940ರಷ್ಟು ಹಿಂದೆಯೇ ಪ್ರಕಟವಾಗಿದೆ. ನಮ್ಮಂಥ ತಾಲೂಕು ಊರುಗಳ ಲ್ಯಾಬಿನ ಯಂತ್ರ ಮಾಡಿಕೊಡುವುದು ಬಹುತೇಕ ಈ ಸೀರಮ್‌ನದ್ದೇ. ಕರಿಮಣ್ಣು ಅಣ್ಣಾರ, ನಿಮ್ಮ ರಿಪೋರ್ಟಿನಲ್ಲಿ ಸೀರಮ್ ಎಂದು ಬರೆದಿದೆಯಾ ನೋಡಿ.

ಸೀರಮ್‌ನದ್ದು ವಿಷ ತಗುಲಿದ ಕೂಡಲೇ ಬೀಳುತ್ತದೆ, ಲಿವರ್ ಹೊಸದು ಮಾಡುವುದರಿಂದ ಕೆಲವು ವಾರಗಳಲ್ಲಿ ಏರುತ್ತದೆ. ಮೈಗೆ ಎಣ್ಣಿ ತಗುಲಿದೆಯೋ ಇಲ್ಲವೋ ಎಂದು ತಿಳಿಯಲು ಸಾಕು. ಆದರೆ ಕಾಮಾಲೆ, ಲಿವರ್ ತೊಂದರೆ, ಬಸಿರು, ಊಟ ಸಾಲದ ಮೈ, ಇವುಗಳಲ್ಲೂ ಅದು ಕಡಿಮೆ ಇರುತ್ತದೆ. ನರದ ಸ್ಥಿತಿಗೆ ಹತ್ತಿರ ಬರುವುದು ಕೆಂಪು ಕಣದ್ದು. ಅದನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕಾಗುತ್ತದೆ, ಹೆಸರು ಸ್ಪಷ್ಟವಾಗಿ ಬರೆಸಿ: ಕೆಂಪು ರಕ್ತಕಣದ ಅಸಿಟೈಲ್‌ಕೋಲಿನೆಸ್ಟರೇಸ್.

ಪರೀಕ್ಷೆ ನೋಡಲು ಚೆಂದ. 1961ರಲ್ಲಿ ಎಲ್ಮನ್ ಎಂಬುವರು ಹೇಳಿಕೊಟ್ಟ ವಿಧಾನ ಇವತ್ತಿಗೂ ನಡೆಯುತ್ತಿದೆ. ಅಸಿಟೈಲ್‌ಕೋಲಿನ್ ಬದಲು ಗಂಧಕ ಸೇರಿದ ಅದರ ತಮ್ಮನಂಥ ರಾಸಾಯನಿಕ ಹಾಕುತ್ತೇವೆ. ಕಿಣ್ವ ಅದನ್ನು ಒಡೆದಾಗ ಬಿಡುಗಡೆಯಾದದ್ದು ಇನ್ನೊಂದು ದ್ರಾವಣದ ಜೊತೆ ಕೂಡಿ ಹಳದಿಯಾಗುತ್ತದೆ. ನಿಮಿಷಕ್ಕೆ ಎಷ್ಟು ಹಳದಿ ಏರಿತು ಅನ್ನುವುದೇ ಕಿಣ್ವದ ಬಲ. ತೊಡಕು ಇರುವುದು ಕೆಂಪು ಕಣದಲ್ಲಿ: ಆ ಹಳದಿ ಅಳೆಯುವ ಬೆಳಕನ್ನೇ ಹಿಮೋಗ್ಲೋಬಿನ್ ಕೂಡ ನುಂಗುತ್ತದೆ. ಅದಕ್ಕೆ ಬಹಳ ತೆಳು ಮಾಡಿ ಅಳೆಯಬೇಕು, ಫಲಿತಾಂಶವನ್ನು ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಇಷ್ಟು ಎಂದು ಬರೆಯಬೇಕು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಹಾಗೆ ಬರೆಯದಿದ್ದರೆ ಕಣಗಳೇ ಕಡಿಮೆ ಇದ್ದದ್ದು ಕಿಣ್ವ ಕಡಿಮೆ ಎಂದು ಕಂಡೀತು.

ಇನ್ನೊಂದು: ಸೂಜಿ ಚುಚ್ಚಿ ತೆಗೆದ ಮೇಲೂ ಕೊಳವೆಯೊಳಗೆ ವಿಷ ಕಿಣ್ವಕ್ಕೆ ಅಂಟುತ್ತಲೇ ಇರುತ್ತದೆ. ಬಿಸಿಲಲ್ಲಿ ಇಟ್ಟರೆ ಸುಳ್ಳು ಕಡಿಮೆ ತೋರಿಸುತ್ತದೆ. ತಕ್ಷಣ ತಣ್ಣಗಿಡಬೇಕು. ಮತ್ತು ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದು ಲ್ಯಾಬಿನ ಅಂಕಿಯ ಜೊತೆ ಇಟ್ಟು ನೋಡಬೇಡಿ, ವಿಧಾನ, ತಾಪಮಾನ, ಅಳತೆ ಎಲ್ಲಾ ಬೇರೆ ಬೇರೆ ಇರುತ್ತವೆ. ಮೊದಲ ಸಲ ಎಲ್ಲಿ ಕೊಟ್ಟಿರೋ ಎರಡನೇ ಸಲವೂ ಅಲ್ಲೇ ಕೊಡಿ.

ಬಿಳಿಸೀರೆ (ಬಳ್ಳಾರಿ)

ನಾನು ವಾರ್ಡಿನಲ್ಲಿ ನರ್ಸ್. ಪರೀಕ್ಷೆ ಬಗ್ಗೆ ಇಷ್ಟೆಲ್ಲಾ ಓದಿ ಯಾರಾದರೂ ರಿಪೋರ್ಟ್ ಬರಲಿ ಆಮೇಲೆ ನೋಡೋಣ ಅಂದುಕೊಂಡರೆ ಅನಾಹುತ, ಅದಕ್ಕೇ ಬರೆಯುತ್ತಿದ್ದೇನೆ. ವಿಷ ಏರಿದಾಗ ಚಿಕಿತ್ಸೆ ಶುರುವಾಗುವುದು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು, ಜೊಲ್ಲು, ಕಣ್ಣೀರು, ಭೇದಿ, ಎದೆಯಲ್ಲಿ ಗೊರಗೊರ, ತೊಡೆ, ರೆಪ್ಪೆ ಪಟಪಟ ಅದುರುವುದು. ಇಷ್ಟು ಕಂಡರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವಷ್ಟರಲ್ಲಿ ಬಟ್ಟೆ ಪೂರ್ತಿ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಯಿರಿ, ತಲೆಗೂದಲು, ಉಗುರು, ಕಿವಿ ಹಿಂದೆ ಸಹ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕುತ್ತು. ಎಣ್ಣಿ ಬಾಟಲಿ ಅಥವಾ ಅದರ ಫೋಟೋ ತನ್ನಿ.

ಅಟ್ರೊಪಿನ್ ಕೊಡುತ್ತಾ ಹೋಗುತ್ತಾರೆ, ಎದೆಯ ಗೊರಗೊರ ಒಣಗಿ ಉಸಿರು ತಿಳಿಯಾಗುವವರೆಗೆ. ಅದು ಕಿಣ್ವವನ್ನು ಬಿಡಿಸುವುದಿಲ್ಲ, ಅತಿಯಾದ ಅಸಿಟೈಲ್‌ಕೋಲಿನ್‌ನ ಹಾವಳಿಯನ್ನು ತಡೆಯುತ್ತದೆ ಅಷ್ಟೆ. ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತು ತೆಗೆಯಲು ಪ್ರಾಲಿಡಾಕ್ಸಿಮ್ ಇದೆ, ನಾವು ಪ್ಯಾಮ್ ಅನ್ನುತ್ತೇವೆ. ಆದರೆ ಹೊತ್ತು ಕಳೆದಂತೆ ಆ ಅಂಟು ಗಟ್ಟಿಯಾಗಿ ಯಾವುದಕ್ಕೂ ಬಿಡದ ಹಾಗಾಗುತ್ತದೆ. ಡೈಮೆಥೋಯೇಟ್‌ನಂಥ ಕೆಲವದರಲ್ಲಿ ಇದಕ್ಕೆ ಕೆಲವೇ ಗಂಟೆ ಸಾಕು, ಕ್ಲೋರ್‌ಪೈರಿಫಾಸ್‌ನಂಥದ್ದರಲ್ಲಿ ಒಂದು ದಿನದ ಮೇಲೆ ಹಿಡಿಯುತ್ತದೆ. ಬೆಳಿಗ್ಗೆ ನೋಡೋಣ ಎಂದು ರಾತ್ರಿ ಮನೆಯಲ್ಲೇ ಮಲಗಿಸಿದರೆ ಕಳೆದುಕೊಳ್ಳುವುದು ಆ ಗಂಟೆಗಳನ್ನೇ.

ಮನೆಯವರಿಗೆ ಇನ್ನೊಂದು ಸಂಗತಿ ಗೊತ್ತಿರಲಿ. ಮಾತಾಡುತ್ತಾ ಗಂಜಿ ಕುಡಿದು ಕೂತ ರೋಗಿ ಎರಡನೇ, ಮೂರನೇ ದಿನ ಇದ್ದಕ್ಕಿದ್ದಂತೆ ಉಸಿರು ಎಳೆಯಲಾಗದೆ ಹೋಗಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಮೊದಲು ವಿವರಿಸಿದರು. ಅದಕ್ಕೇ ನಾವು ಪಾಳಿಗೊಮ್ಮೆ "ದಿಂಬಿನಿಂದ ತಲೆ ಎತ್ತಪ್ಪಾ" ಅನ್ನುತ್ತೇವೆ. ಕುತ್ತಿಗೆ ಎತ್ತಲು ಒದ್ದಾಡಿದ ಅಂದರೆ ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ ಎಂದರ್ಥ, ಆಗಲೇ ಡಾಕ್ಟರನ್ನು ಕರೆಯುತ್ತೇವೆ. ಹುಷಾರಾಗಿದ್ದಾನಲ್ಲ, ಸುಮ್ಮನೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಡಿಸ್ಚಾರ್ಜ್‌ಗೆ ಜಗಳ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ.

ಬೇಸರದಲ್ಲಿ ಎಣ್ಣಿ ವಿಷ ಕುಡಿದು ಬಂದವರೂ ನಮ್ಮಲ್ಲಿ ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಸಿದಿದೆ ಎಂದು ಕಂಡರೆ ಎಣ್ಣಿಯನ್ನು ಮನೆಯಿಂದಲೇ ದೂರ ಮಾಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಮುದಗಲ್ಲು

ಎಲ್ಲರೂ ಹೇಳಿದ್ದು ಸರಿ ಇರಬಹುದು, ನನ್ನದು ತಕರಾರು ಇದೆ. ಹೊಲದ ಮಾಲೀಕರು ಎಷ್ಟು ಜನ ಸ್ವಂತ ಎಣ್ಣಿ ಹೊಡೆಯುತ್ತಾರೆ? ಪಂಪು ಹೊರುವವರು ಕೂಲಿಯವರು. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು, ಹಂಗಾಮು ಪೂರ್ತಿ ಅದೇ. ರಕ್ತ ಪರೀಕ್ಷೆಗೆ ರಾಯಚೂರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು, ಲ್ಯಾಬಿನ ದುಡ್ಡು ಬೇರೆ. ಪರೀಕ್ಷೆ ಕಮ್ಮಿ ಬಂತು, ಒಂದು ತಿಂಗಳು ಹೊಡೆಯಬೇಡ ಅಂದರೆ ಅವನ ಮನೆ ನಡೆಯುವುದು ಹೇಗೆ? ಇದನ್ನು ಬಿಟ್ಟು ಕಿಣ್ವದ ಚರ್ಚೆ ಮಾಡಿದರೆ ಅರ್ಧ ಮಾತಾಡಿದ ಹಾಗೆ.

ಜೀವರಸಾಯನ (ರಾಯಚೂರು)

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ, ಈ ಚರ್ಚೆಯಲ್ಲಿ ಬರಲೇಬೇಕಾದ ಮಾತು ಅದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1974ರಿಂದ ಇದಕ್ಕೆ ಕಾನೂನಿನ ವ್ಯವಸ್ಥೆ ಇದೆ, ಹೊಣೆ ಕೆಲಸ ಕೊಡುವವನದು. ಈ ಗುಂಪಿನ ಎಣ್ಣಿ ಪದೇ ಪದೇ ಮುಟ್ಟುವ ಕೆಲಸಗಾರನಿಗೆ ಹಂಗಾಮಿಗೆ ಮುಂಚೆ ಮೂಲಮಟ್ಟದ ಪರೀಕ್ಷೆ, ಆಮೇಲೆ ಆಗಾಗ ಪರೀಕ್ಷೆ. ಮೂಲಮಟ್ಟದ ಶೇ. 80ಕ್ಕಿಂತ ಕೆಳಗೆ ಬಿದ್ದರೆ ಹೊಡೆಯುವ ರೀತಿಯಲ್ಲಿ ಏನು ತಪ್ಪಿದೆ ಎಂದು ಹುಡುಕಬೇಕು. ಕೆಂಪು ಕಣದ್ದು ಶೇ. 70ಕ್ಕೆ ಅಥವಾ ಪ್ಲಾಸ್ಮಾದ್ದು ಶೇ. 60ಕ್ಕೆ ಇಳಿದರೆ ಆತನನ್ನು ಎಣ್ಣಿಯಿಂದ ದೂರ ಇಡಬೇಕು, ಎರಡೂ ಶೇ. 80ಕ್ಕೆ ಏರಿದ ಮೇಲೆಯೇ ವಾಪಸ್ಸು. ಗಮನಿಸಿ, ಅಲ್ಲಿ ಲಕ್ಷಣ ಕಾಣಲಿ ಎಂದು ಕಾಯುವುದಿಲ್ಲ. ಲಕ್ಷಣ ಸಾಮಾನ್ಯವಾಗಿ ಕಾಣಿಸುವುದು ಅರ್ಧಕ್ಕಿಂತ ಕೆಳಗಿಳಿದ ಮೇಲೆ, ನಿಧಾನವಾಗಿ ಇಳಿದರೆ ಅಷ್ಟರಲ್ಲೂ ಕಾಣದೆ ಇರಬಹುದು.

ನಮ್ಮಲ್ಲೂ ಇದು ಕೂಲಿಯವನ ಕಿಸೆಯಿಂದ ಹೋಗಬೇಕಾದ ದುಡ್ಡಲ್ಲ ಎಂಬುದೇ ನನ್ನ ಅಭಿಪ್ರಾಯ. ಹೊಲ ಯಾರದೋ ಅವರು ಕೊಡಬೇಕು. ಎಣ್ಣಿಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ಹೊಡೆಯುವ ಮನುಷ್ಯನ ರಕ್ತ ಪರೀಕ್ಷೆ ಹೊರೆಯಾಗಬಾರದು. ಕಿಣ್ವ ಇಳಿದವನಿಗೆ ಆ ತಿಂಗಳು ಕಳೆ, ನೀರು, ಬಿಡಿಸುವ ಕೆಲಸ ಕೊಡಲಿ, ಕೂಲಿ ತಪ್ಪದು. ಆದರೆ ಎಣ್ಣಿ ಹೊಡೆದ ಹೊಲಕ್ಕೆ ಕೂಡಲೇ ಇಳಿಸಬಾರದು, ಎಲೆಯ ಮೇಲಿರುವುದು ಚರ್ಮಕ್ಕೆ ಇಳಿಯುತ್ತದೆ.

ಮುಂಗಾರು (ಲಿಂಗಸುಗೂರು)

ಇದಕ್ಕೆ ಒಂದು ಸೇರಿಸುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಹತ್ತಿ ಎದೆಮಟ್ಟ ಬಂದಿರುತ್ತದೆ. ಹೊಡೆಯುವವನು ಮುಂದೆ ನಡೆದಂತೆ ತಾನು ಒದ್ದೆ ಮಾಡಿದ ಗಿಡದೊಳಗೇ ನುಗ್ಗುತ್ತಾನೆ. ಪಂಪಿನ ಮುಚ್ಚಳದ ವಾಷರ್ ಸವೆದಿದ್ದರೆ ಬೆನ್ನ ಮೇಲೆ ಸಣ್ಣಗೆ ಸೋರುತ್ತಿರುತ್ತದೆ, ಬೆವರೋ ಎಣ್ಣಿಯೋ ಗೊತ್ತಾಗುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಹೊಡೆಯುತ್ತಲೇ ಹತ್ತಾರು ಜನ ಜೀವ ಕಳೆದುಕೊಂಡರು, ಅವರು ಯಾರೂ ವಿಷ ಕುಡಿದವರಲ್ಲ. ವಾಷರ್ ಬದಲಿಸಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ, ಬಂದ ಕೂಡಲೇ ಆ ಅಂಗಿ ಬೇರೆ ಬಕೆಟ್ಟಿಗೆ ಹಾಕಿ. ಅದನ್ನು ಒಗೆಯುವ ಮನೆಯ ಹೆಣ್ಣುಮಕ್ಕಳ ಕೈಗೂ ಅದೇ ವಿಷ ತಗಲುತ್ತದೆ.

ಶೆಟ್ಟರ ಓಣಿ (ಬಳ್ಳಾರಿ)

ಸೀರಮ್ ಕಿಣ್ವದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾವು ಆರ್ಯವೈಶ್ಯರು. ಹೊಲಕ್ಕೆ ಕಾಲಿಡದ ನಮ್ಮ ಅಕ್ಕನಿಗೆ ಆಪರೇಷನ್ನಿಗೆ ಮುಂಚೆ ಪರೀಕ್ಷೆ ಮಾಡಿದಾಗ ಸೀರಮ್ ಕೋಲಿನೆಸ್ಟರೇಸ್ ಹೆಚ್ಚುಕಡಿಮೆ ಸೊನ್ನೆ ಬಂತು. ಅರಿವಳಿಕೆ ಡಾಕ್ಟರು ನಮ್ಮ ಸಮುದಾಯದಲ್ಲಿ ಇದು ಹೆಚ್ಚು, ಹುಟ್ಟಿನಿಂದ ಬರುವಂಥದ್ದು ಅಂದರು. ಇದು ನಿಜವೇ?

ಜೀವರಸಾಯನ (ರಾಯಚೂರು)

ನಿಜ. ಆಂಧ್ರ, ತೆಲಂಗಾಣ, ಕರ್ನಾಟಕ, ತಮಿಳುನಾಡಿನ ಆರ್ಯವೈಶ್ಯರಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಜೀನಿನ ಒಂದು ಬದಲಾವಣೆ ಬೇರೆಯವರಿಗಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಒಳಗೊಳಗೇ ಮದುವೆಯಾಗುತ್ತಾ ಬಂದ ಯಾವ ಸಮುದಾಯದಲ್ಲೂ ಒಂದಲ್ಲ ಒಂದು ಇಂಥದ್ದು ಇರುತ್ತದೆ, ಅದರಲ್ಲಿ ಕುಂದೇನೂ ಇಲ್ಲ. ದಿನನಿತ್ಯದ ಬದುಕಿಗೆ ತೊಂದರೆಯೂ ಇಲ್ಲ, ಯಾಕೆಂದರೆ ನರದಲ್ಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಅವರಲ್ಲಿ ಸರಿಯಾಗಿಯೇ ಇದೆ.

ತೊಂದರೆ ಬರುವುದು ಅರಿವಳಿಕೆಯಲ್ಲಿ. ಗಂಟಲಿಗೆ ನಳಿಕೆ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್, ಡಾಕ್ಟರುಗಳ ಬಾಯಲ್ಲಿ ಸ್ಕೋಲಿನ್, ಇದನ್ನು ಒಡೆಯುವುದು ಆ ಸೀರಮ್ ಕಿಣ್ವವೇ. ಬೇರೆಯವರಲ್ಲಿ ಕೆಲವೇ ನಿಮಿಷದಲ್ಲಿ ಇಳಿಯುವ ಔಷಧ ಇವರಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಅಷ್ಟು ಹೊತ್ತು ವೆಂಟಿಲೇಟರ್‌ನಲ್ಲಿ ಉಸಿರು ಕೊಟ್ಟರೆ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಬೇರೆ ಔಷಧಗಳು ಇವೆ, ಮುಂಚೆ ಗೊತ್ತಿದ್ದರೆ ಅದನ್ನೇ ಬಳಸುತ್ತಾರೆ. ಅಕ್ಕನವರು ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಲಿ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಲಿ. ಇಂಥವರು ಎಣ್ಣಿ ವಿಷದ ಸಂಶಯದಲ್ಲಿ ದಾಖಲಾದಾಗ ಬರೀ ಸೀರಮ್ ರಿಪೋರ್ಟ್ ನೋಡಿದರೆ ದಾರಿ ತಪ್ಪುತ್ತದೆ, ಕೆಂಪು ಕಣದ್ದೇ ನೋಡಬೇಕು.

ಪ್ರಶ್ನೆಪೆಟ್ಟಿಗೆ (ಕೊಪ್ಪಳ)

ನಾನು ಬಿಎಸ್ಸಿ ವಿದ್ಯಾರ್ಥಿನಿ. ಮೆದುಳಿಗೆ ಸಂಬಂಧಿಸಿದ ಬೇರೆ ಕಿಣ್ವಗಳೂ ರಕ್ತದ ಕಣಗಳಲ್ಲಿ ಇವೆಯಾ ಸರ್? ನಮ್ಮ ಅಜ್ಜನಿಗೆ ಮರೆವಿನ ಕಾಯಿಲೆಗೆ ಡೊನೆಪೆಜಿಲ್ ಕೊಡುತ್ತಿದ್ದಾರೆ, ಅದೂ ಇದೇ ಕಿಣ್ವದ ಮೇಲೆ ಕೆಲಸ ಮಾಡುತ್ತದೆ ಎಂದು ಓದಿದೆ. ವಿಷವೂ ಅದನ್ನೇ ಮಾಡುತ್ತದೆ, ಔಷಧವೂ ಅದನ್ನೇ ಮಾಡುತ್ತದೆ ಅಂದರೆ ಹೇಗೆ?

ಜೀವರಸಾಯನ (ರಾಯಚೂರು)

ಒಳ್ಳೆಯ ಪ್ರಶ್ನೆ ಕೇಳಿದೆ ತಂಗಿ. ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನ ಅಸಿಟೈಲ್‌ಕೋಲಿನ್ ಕಡಿಮೆಯಾಗಿರುತ್ತದೆ. ಇರುವಷ್ಟನ್ನು ಸ್ವಲ್ಪ ಹೆಚ್ಚು ಹೊತ್ತು ಉಳಿಸಲು ಡೊನೆಪೆಜಿಲ್ ಆ ಕಿಣ್ವವನ್ನು ತಡೆಯುತ್ತದೆ. ವ್ಯತ್ಯಾಸ ಇಷ್ಟು: ಡೊನೆಪೆಜಿಲ್ ಅಂಟಿದರೂ ತಾನಾಗಿಯೇ ಬಿಟ್ಟುಹೋಗುತ್ತದೆ, ಅಳತೆಯಲ್ಲಿ ಕೊಡುತ್ತಾರೆ, ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಔಷಧ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಸಂಶೋಧಕರು ಅಳೆದದ್ದೂ ಕೆಂಪು ಕಣದ ಕಿಣ್ವವನ್ನೇ. ನಿಮ್ಮ ಅಜ್ಜನದ್ದನ್ನು ಈಗ ಅಳೆದರೆ ಅರ್ಧಕ್ಕಿಂತ ಕಡಿಮೆ ಬಂದರೂ ಆಶ್ಚರ್ಯವಿಲ್ಲ. ಅದಕ್ಕೇ ಅವರು ಹೊಲಕ್ಕೆ ಹೋಗುವ ಅಭ್ಯಾಸ ಇದ್ದರೆ ಎಣ್ಣಿ ಹೊಡೆಯುವ ದಿನ ಮನೆಯಲ್ಲೇ ಇರಲಿ, ಅವರಲ್ಲಿ ಉಳಿದಿರುವುದೇ ಕಡಿಮೆ.

ಬೇರೆ ಕಿಣ್ವಗಳೂ ಇವೆ. ಪ್ಲೇಟ್‌ಲೆಟ್‌ಗಳಲ್ಲಿ ಮೊನೊಅಮೈನ್ ಆಕ್ಸಿಡೇಸ್ ಬಿ ಇದೆ, ಮೆದುಳಿನಲ್ಲಿ ಡೋಪಮೈನ್ ಎಂಬ ಇನ್ನೊಂದು ಸುದ್ದಿ ಮುಟ್ಟಿಸುವ ರಾಸಾಯನಿಕವನ್ನು ಒಡೆಯುವ ಕಿಣ್ವಗಳಲ್ಲಿ ಒಂದು. ಸ್ಕಿಜೋಫ್ರೇನಿಯಾ ಇರುವವರ ಪ್ಲೇಟ್‌ಲೆಟ್‌ಗಳಲ್ಲಿ ಇದು ಕಡಿಮೆ ಎಂದು 1972ರಲ್ಲಿ ಪ್ರಕಟವಾದಾಗ ಮನೋರೋಗಕ್ಕೆ ರಕ್ತ ಪರೀಕ್ಷೆ ಸಿಕ್ಕೇಬಿಟ್ಟಿತು ಎಂಬ ಆಸೆ ಹುಟ್ಟಿತ್ತು. ಆಮೇಲೆ ನೋಡಿದರೆ ಔಷಧದಿಂದಲೂ ಧೂಮಪಾನದಿಂದಲೂ ಅದು ಇಳಿಯುತ್ತದೆ. ಬೀಡಿ, ಸಿಗರೇಟಿನ ಹೊಗೆ ಈ ಕಿಣ್ವವನ್ನು ತಡೆಯುತ್ತದೆ. 1996ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ಸೇದುವವರ ಮೆದುಳಿನಲ್ಲೂ ಅದು ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ರಕ್ತದ ಕಣವೂ ಮೆದುಳೂ ಒಂದೇ ದಿಕ್ಕಿಗೆ ಇಳಿದಿದ್ದವು, ರೋಗದ ಗುರುತು ಎಂದುಕೊಂಡದ್ದು ಮಾತ್ರ ಬಹುಪಾಲು ಹೊಗೆಯ, ಔಷಧದ ಗುರುತಾಗಿತ್ತು. ನೀನು ಮುಂದೆ ಸಂಶೋಧನೆಗೆ ಹೋದರೆ ಈ ಕಥೆ ಪೂರ್ತಿ ಓದು.

ಸೂಕ್ಷ್ಮದರ್ಶಕ (ಗಂಗಾವತಿ)

ನ್ಯೂರಾನ್ ಸ್ಪೆಸಿಫಿಕ್ ಎನೊಲೇಸ್ ಎಂಬ ಕಿಣ್ವ ಕೂಡ ಹಾಗೆಯೇ. ಹೃದಯ ನಿಂತು ಬದುಕಿದವರ ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಅಳೆಯುತ್ತಾರೆ. ಹೆಸರು ನರಕೋಶದ್ದು, ಆದರೆ ಕೆಂಪು ಕಣ, ಪ್ಲೇಟ್‌ಲೆಟ್‌ನಲ್ಲೂ ಅದು ಇದೆ. ರಕ್ತ ತೆಗೆಯುವಾಗ ಜೋರಾಗಿ ಎಳೆದು ಕಣ ಒಡೆದರೆ ಅಂಕಿ ಸುಳ್ಳೇ ಏರುತ್ತದೆ.

ಬನ್ನಿಮರ (ಕುಷ್ಟಗಿ)

ಬಿಳಿ ರಕ್ತಕಣದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದೇವೆ. ಮಗು ಚೆನ್ನಾಗಿ ನಡೆಯುತ್ತಿತ್ತು, ಎರಡು ವರ್ಷ ತುಂಬುವ ಹೊತ್ತಿಗೆ ಎಡವಿ ಬೀಳಲು ಶುರುವಾಯಿತು, ಬರುಬರುತ್ತಾ ಕಲಿತ ಮಾತೂ ಹೋಯಿತು. ಬೆಂಗಳೂರಿನಲ್ಲಿ ಬಿಳಿ ಕಣದಲ್ಲಿ ಅರೈಲ್‌ಸಲ್ಫಟೇಸ್ ಎ ಎಂಬ ಕಿಣ್ವ ನೋಡಿ ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೊಫಿ ಎಂಬ ಹುಟ್ಟಿನಿಂದ ಬರುವ ನರದ ಕಾಯಿಲೆ ಇರಬಹುದು ಎಂದಿದ್ದಾರೆ. ತಂಗಿ ಮತ್ತೆ ಬಸಿರಾಗಲು ಹೆದರುತ್ತಿದ್ದಾಳೆ. ಗೊತ್ತಿದ್ದವರು ಹೇಳಿ.

ಜೀವರಸಾಯನ (ರಾಯಚೂರು)

ಅಕ್ಕಾರ, ಓದಿ ಮನಸ್ಸಿಗೆ ಬಹಳ ನೋವಾಯಿತು. ನರಗಳ ಸುತ್ತಲಿನ ಕೊಬ್ಬಿನ ಹೊದಿಕೆಯ ಒಂದು ಅಂಶವನ್ನು ಜೀರ್ಣಿಸುವ ಕಿಣ್ವ ಅದು. ದೇಹದ ಬಹುತೇಕ ಎಲ್ಲಾ ಕೋಶಗಳಲ್ಲೂ ಇರುವುದರಿಂದ ಬಿಳಿ ಕಣದಲ್ಲಿ ಅಳೆಯುತ್ತಾರೆ. ಟೇ-ಸ್ಯಾಕ್ಸ್, ಕ್ರಾಬೆಯಂಥ ಮಕ್ಕಳ ಮೆದುಳಿನ ಕಾಯಿಲೆಗಳನ್ನು ಹಿಡಿಯುವುದೂ ಹೀಗೆಯೇ.

ಒಂದು ಎಚ್ಚರ: ಕೆಲವು ಆರೋಗ್ಯವಂತರಲ್ಲೂ ಈ ಕಿಣ್ವ ಕಡಿಮೆ ಇರುತ್ತದೆ, ಕಾಯಿಲೆ ಇರುವುದಿಲ್ಲ. ಅದಕ್ಕೇ ಮೂತ್ರದಲ್ಲಿ ಸಲ್ಫಟೈಡ್ (ಜೀರ್ಣವಾಗದೆ ಉಳಿದ ಆ ಕೊಬ್ಬಿನ ಅಂಶ) ಮತ್ತು ಜೀನ್ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ತಂದೆ ತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತಿರುತ್ತಾರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧದೊಳಗೆ ಮದುವೆಯಾದಾಗ ಇಬ್ಬರಿಗೂ ಒಂದೇ ಪ್ರತಿ ಸಿಗುವ ಸಾಧ್ಯತೆ ಹೆಚ್ಚು, ಇದರಲ್ಲಿ ನಿಮ್ಮ ತಂಗಿಯ ತಪ್ಪು ಎಳ್ಳಷ್ಟೂ ಇಲ್ಲ, ಮನೆಯಲ್ಲಿ ಯಾರೂ ಅವಳನ್ನು ಅನ್ನದ ಹಾಗೆ ನೋಡಿಕೊಳ್ಳಿ. ಮಗುವಿನ ಜೀನ್ ದೋಷ ಯಾವುದೆಂದು ಬರೆದ ರಿಪೋರ್ಟ್ ಕೈಯಲ್ಲಿದ್ದರೆ ಮುಂದಿನ ಬಸಿರಿನ ಮೊದಲ ಕೆಲವು ತಿಂಗಳಲ್ಲೇ ಪರೀಕ್ಷೆ ಮಾಡಿ ಹೇಳುತ್ತಾರೆ. ಆ ರಿಪೋರ್ಟ್ ಈಗಲೇ ಮಾಡಿಸುವುದು ಮುಖ್ಯ. ಬಸಿರಾಗುವ ಮುಂಚೆಯೇ ವಂಶವಾಹಿ ಸಲಹೆ ಕೊಡುವ ವೈದ್ಯರನ್ನು ಇಬ್ಬರೂ ಒಟ್ಟಿಗೆ ಕಾಣಲಿ.

ಕರಿಮಣ್ಣು (ದೇವದುರ್ಗ)

ಎಲ್ಲಾರಿಗೂ ಶರಣ್ರಿ. ರಿಪೋರ್ಟ್ ತಗದು ನೋಡಿದ್ನಿ, ಸೀರಮ್ ಅಂತನೇ ಬರದಾರ. ನಮ್ಮ ಓಣಿಯಾಗ ಎಣ್ಣಿ ಹೊಡಿಯೋ ಹುಡುಗುರ ಜೋಡಿ ಮಾತಾಡೀನಿ. ಬರೋ ವರ್ಷ ಹಂಗಾಮಿಗೆ ಮೊದಲು ಎಲ್ಲಾರೂ ಕೂಡಿ ರಕ್ತ ಕೊಡೋದು, ಹೊಲದಾವ್ರು ದುಡ್ಡು ಹಾಕೋದು ಅಂತ ಮಾತಾಗ್ಯದ, ಇಬ್ಬರು ಹೊಲದಾವ್ರು ಒಪ್ಪ್ಯಾರ. ಯಾವಾಗ ಕೊಟ್ರ ಚಲೋ? ಊರಾಗೇ ತಗದು ರಾಯಚೂರಿಗೆ ಒಯ್ದ್ರ ನಡೀತದೇನು?

ಸೂಕ್ಷ್ಮದರ್ಶಕ (ಗಂಗಾವತಿ)

ಮೇ ತಿಂಗಳು ಒಳ್ಳೆಯದು. ಅದಕ್ಕೆ ಹಿಂದೆ ಕನಿಷ್ಠ ಒಂದು ತಿಂಗಳು ಯಾರೂ ಈ ಗುಂಪಿನ ಎಣ್ಣಿ ಮುಟ್ಟಿರಬಾರದು. ಬೇಸಿಗೆ ಭತ್ತಕ್ಕೆ ಅಥವಾ ಕಾಯಿಪಲ್ಲೆಗೆ ಹೊಡೆದವರಿದ್ದರೆ ಅವರದ್ದು ಆದಷ್ಟು ತಡವಾಗಿ ತೆಗೆಯಿರಿ. ಒಂದು ಸಲದ ಅಂಕಿ ಹೆಚ್ಚುಕಡಿಮೆ ಆಗಬಹುದು, ಕೆಲವು ದಿನ ಬಿಟ್ಟು ಇನ್ನೊಮ್ಮೆ ಕೊಟ್ಟು ಎರಡರ ಸರಾಸರಿ ಹಿಡಿದರೆ ಗಟ್ಟಿ.

ಊರಲ್ಲೇ ತೆಗೆಯಬಹುದು, ತರಬೇತಾದವರು ತೆಗೆಯಲಿ. ತೋಳನ್ನು ಸೋಪಿನಿಂದ ಚೆನ್ನಾಗಿ ತೊಳೆದ ಮೇಲೆ ಚುಚ್ಚಬೇಕು, ಚರ್ಮದ ಮೇಲಿನ ಎಣ್ಣಿ ಸೂಜಿಯ ಜೊತೆ ಹೋಗಬಾರದು. ರಕ್ತ ಗಡ್ಡೆಕಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆ, ಮೆಲ್ಲಗೆ ಕೆಳಗೆ ಮೇಲೆ ಮಾಡಿ, ಕುಲುಕಬೇಡಿ. ಲಸಿಕೆ ಒಯ್ಯುವಂಥ ಐಸ್ ಡಬ್ಬಿ ಸಾಕು. ಕೊಳವೆಗೆ ಬಟ್ಟೆ ಸುತ್ತಿ ಇಡಿ, ಐಸ್ ನೇರ ತಾಗಿ ಹೆಪ್ಪುಗಟ್ಟಿದರೆ ಕಣ ಒಡೆದುಹೋಗುತ್ತವೆ. ಬೆಳಿಗ್ಗೆ ತೆಗೆದು ಅವತ್ತೇ ಲ್ಯಾಬಿಗೆ ಮುಟ್ಟಿಸಿ, ಬರುತ್ತೇವೆ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ರಿಪೋರ್ಟಿನ ಮೇಲೆ ಲ್ಯಾಬಿನ ಹೆಸರು, ವಿಧಾನ, ದಿನಾಂಕ ಇರುವಂತೆ ನೋಡಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ರಾತ್ರಿ ಹೊತ್ತು ದವಾಖಾನೆಗೆ ಓಡುವಾಗ ಕಾಗದ ಹುಡುಕಲು ಆಗುವುದಿಲ್ಲ.

ಹತ್ತಿಹೊಲ (ಸಿಂಧನೂರು)

ನಾವೂ ಸೇರ್ತೀವ್ರಿ. ನಮ್ ಕಡಿಂದ ರಾಯಚೂರಿಗೆ ಹೋಗೋದು ತಡ ಆಗ್ತದ, ಗಂಗಾವತಿಯಾಗ ಕೊಟ್ರೂ ಕೆಂಪು ಕಣದ್ದು ಕಳಿಸ್ತೀರೇನು?

ಸೂಕ್ಷ್ಮದರ್ಶಕ (ಗಂಗಾವತಿ)

ಕಳಿಸಬಹುದು. ಸಂಜೆ ಪಾರ್ಸೆಲ್ ಹೋಗುವ ಮುಂಚೆ ತಲುಪಬೇಕು, ಶನಿವಾರ ಬೇಡ. ಎಷ್ಟು ಜನ ಅಂತ ಇಲ್ಲೇ ಬರೆಯಿರಿ, ಕೊಳವೆ ತರಿಸಿಡುತ್ತೇನೆ.